ಮೊದಲ ಆಟಕ್ಕೆ ಬಂದ ಅವ್ವ

ಅವ್ವನ ಸಿನಿಮಾದ ಮೊದಲ ಆಟ ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಎಂದು ಟಾಕೀಸಿನವರು ಹೇಳಿ ಕಳಿಸಿದ ದಿನದಿಂದ ನನಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹೆದರಿಕೆಗಲ್ಲ, ಖುಷಿಗೆ. ದಾರಿಯಲ್ಲಿ ಸಿಕ್ಕವರಿಗೆಲ್ಲ, ಅವರು ಕೇಳಲಿ ಬಿಡಲಿ, ತಡೆದು ನಿಲ್ಲಿಸಿ ಹೇಳಿದೆ. ಮೂರು ವರ್ಷದ ಹಿಂದೆ ಕೊಲೆಯಾದ ನನ್ನ ಅವ್ವ, ಹಿಟ್ಟಿನ ಗಿರಣಿಯ ಫಕೀರವ್ವ, ಆವತ್ತು ಟಾಕೀಸಿಗೆ ಬರುವವಳಿದ್ದಳು. ನಾನು ಅವಳನ್ನು ಕಣ್ಣಾರೆ ನೋಡುವವಳಿದ್ದೆ!

ನಮ್ಮೂರಲ್ಲಿ ಹಾಗೆಯೇ. ಕೊಲೆಯಾದವರ ಕಥೆಯನ್ನು ಯಾರಾದರೂ ಸಿನಿಮಾ ಮಾಡಿದರೆ, ಅದರ ಮೊದಲ ಆಟಕ್ಕೆ ಅವರೇ ಬರುತ್ತಾರೆ. ದೀಪ ಆರಿದ ಮೇಲೆ ಬಲಬಾಗಿಲಿನ ಪರದೆ ಸರಿಸಿ ಒಳಗೆ ಬಂದು, ನಾಲ್ಕನೇ ಸಾಲಿನ ಮೊದಲ ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಸಾಕೆನಿಸಿದಾಗ ಎದ್ದು ಹೋಗುತ್ತಾರೆ. ಹೋದರೆ ಹೋದರು, ಎರಡನೇ ಆಟಕ್ಕೆ ಬಂದವರಿಲ್ಲ. ಹಾಸಿಗೆ ಹಿಡಿದು ಸತ್ತವರಿಗೆ, ಬಸ್ಸಿನಡಿ ಸಿಕ್ಕವರಿಗೆ ಈ ಭಾಗ್ಯವಿಲ್ಲ. ಅವರ ಮೇಲೆ ಸಿನಿಮಾ ಮಾಡುವವರೂ ಇಲ್ಲ ಬಿಡಿ.

ಹೀಗಾಗಿ ನಮ್ಮಲ್ಲಿ ಕೊಲೆಯಾದವರ ಮನೆಯವರು ವಕೀಲರಿಗಿಂತ ಮೊದಲು ನಿರ್ದೇಶಕರನ್ನು ಹುಡುಕುತ್ತಾರೆ. ಟಾಕೀಸಿನ ಉಳಿದ ಕುರ್ಚಿಗಳಲ್ಲಿ ತಗಣಿ ಸಂಸಾರ ಹೂಡಿದ್ದರೂ ಆ ಒಂದು ಕುರ್ಚಿಯನ್ನು ವಾರಕ್ಕೊಮ್ಮೆ ಬಿಸಿಲಿಗಿಟ್ಟು ತೆಗೆಯುತ್ತಾರೆ. ಮೊದಲ ಆಟದ ದಿನ ಕ್ಯಾಂಟೀನಿನವನು ಚುರುಮುರಿಯನ್ನು ಕಾಗದದ ಪೊಟ್ಟಣದಲ್ಲಿ ಕೊಡುವುದಿಲ್ಲ, ಬಂದವರಿಗೆ ಪರಪರ ಸದ್ದು ಕಿರಿಕಿರಿಯಾಗಬಾರದೆಂದು ತಾಟಿನಲ್ಲಿ ಕೊಡುತ್ತಾನೆ. ಪೊಲೀಸ್ ಠಾಣೆಯ ಫೌಜದಾರರು ಹಿಂದೊಂದು ಕಾಲದಲ್ಲಿ ಡೈರಿ ಹಿಡಿದು ಬಂದು, "ಯಾರ ಹೊಡದ್ರು, ಒಂದ ಕೈಸನ್ನಿ ಮಾಡ್ರಿ ಸಾಕು" ಎಂದು ಸತ್ತವರ ಬೆನ್ನು ಬೀಳುತ್ತಿದ್ದರಂತೆ. ಸತ್ತವರು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಈಗಿನ ಫೌಜದಾರರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ತೆಪ್ಪಗೆ ಸಿನಿಮಾ ನೋಡಿ ಹೋಗುತ್ತಾರೆ.

ಸಂಕಟ ಒಂದೇ. ಯಾರೂ ಕೊನೆಯವರೆಗೆ ಕೂರುತ್ತಿರಲಿಲ್ಲ. ಹಾಲಿನ ಸಂಘದ ಸೆಕ್ರೆಟರಿ ರಾಚಯ್ಯ ಹನ್ನೊಂದೇ ನಿಮಿಷಕ್ಕೆ ಎದ್ದು ಹೋದ. "ಮನ್ಯಾಗೂ ಹಂಗ ಇದ್ದ, ಒಂದ ಕಡೆ ಕುಂದ್ರತಿರಲಿಲ್ಲ" ಎಂದು ಅವನ ಹೆಂಡತಿ ಸಮಾಧಾನ ಮಾಡಿಕೊಂಡಳು. ಪಿಂಜಾರ ಓಣಿಯ ಮಾಬುಬಿ, ಮದುವೆಯಾಗಿ ಆರು ತಿಂಗಳಿಗೆ ಅತ್ತೆ ಮನೆಯಲ್ಲಿ ಬೆಂದುಹೋದ ಹುಡುಗಿ, ನಲವತ್ತು ನಿಮಿಷ ಕೂತಳು. ಅವಳ ತಾಯಿ ಆ ನಲವತ್ತು ನಿಮಿಷವನ್ನು ಇಂದಿಗೂ ಮೊದಲಿಂದ ಕೊನೆಯವರೆಗೆ ಹೇಳುತ್ತಾಳೆ. ಎಲ್ಲರಿಗಿಂತ ಹೆಚ್ಚು ಕೂತವನು ಪೈಲ್ವಾನ ಹನಮಪ್ಪ, ಒಂದು ತಾಸು ಎರಡು ನಿಮಿಷ. ಆದರೆ ಅವನಿಗೆ ನಿದ್ದೆ ಹತ್ತಿತ್ತು ಎಂದು ಆಗದವರು ಆಡಿಕೊಳ್ಳುತ್ತಾರೆ.

ತಮ್ಮ ಕೊಲೆಯನ್ನು ತಾವೇ ನೋಡುವ ಎದೆ ಯಾರಿಗಿದೆ, ಅದಕ್ಕೇ ಎದ್ದು ಹೋಗುತ್ತಾರೆ ಎಂದು ಊರು ತೀರ್ಮಾನಿಸಿತ್ತು. ಸಿನಿಮಾದವರು ಕೊಲೆಯನ್ನು ಕೊನೆಗೆ ಒಯ್ದರು, ಮೊದಲಿಗೆ ತಂದು ಮುಗಿಸಿದರು, ಕೊಲೆಯನ್ನೇ ಕಿತ್ತುಹಾಕಿ ಎರಡು ಹಾಡು ಸೇರಿಸಿದರು. ಏನು ಮಾಡಿದರೂ ಸತ್ತವರು ಏಳುವ ಹೊತ್ತಿಗೆ ಏಳುತ್ತಿದ್ದರು.

ನಾನು ಹದಿನೇಳು ಕಾಗದ ಬರೆದ ಮೇಲೆ ಶಹರದಿಂದ ಮಧುಕೇಶ್ವರ ಎನ್ನುವ ನಿರ್ದೇಶಕ ಬಂದ. ಒಳ್ಳೆಯ ಮನುಷ್ಯ. ನಮ್ಮ ಮನೆಯ ಕಟ್ಟೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ತೊಡೆಯ ಮೇಲೆ ನೋಟುಬುಕ್ಕು ತೆರೆದು, "ನೋಡಿ ದಾಕ್ಷಾಯಣಿಯವರೇ, ಕೊಂದವನ ಬಗ್ಗೆ ಕೋರ್ಟಿನ ಕಾಗದ ಇದೆ. ನಿಮ್ಮ ತಾಯಿ ಹೇಗಿದ್ದರು ಅನ್ನೋದು ಯಾವ ಕಾಗದದಲ್ಲೂ ಇಲ್ಲ. ಅದನ್ನ ನೀವೇ ಹೇಳಬೇಕು" ಅಂದ.

ಅವ್ವ ಹೇಗಿದ್ದಳು! ಗಿರಣಿಯ ಕಲ್ಲು ತಿರುಗುತ್ತಿದ್ದರೂ ಅವಳ ದನಿ ಎರಡು ಓಣಿ ಆಚೆಗೆ ಕೇಳುತ್ತಿತ್ತು. ಬಾಯಿ ತೆರೆದರೆ ಬೈಗುಳ, ಅದೂ ದಿನಕ್ಕೊಂದು ಹೊಸದು. ಚೌಕಾಬಾರ ಆಡಲು ಕೂತರೆ ಮೋಸ, ಮೋಸ ಸಿಕ್ಕಿಬಿದ್ದರೆ ಜಗಳ, ಜಗಳ ಮುಗಿದ ಮೇಲೆ ತೊಡೆ ತಟ್ಟಿಕೊಂಡು ನಗು. ಅಪ್ಪ ಸತ್ತಾಗ ನನಗೆ ಮೂರು ವರ್ಷ. ಅಂದಿನಿಂದ ಒಬ್ಬಳೇ ಗಿರಣಿ ನಡೆಸಿದಳು, ಬೆಲ್ಟು ಹರಿದರೆ ತಾನೇ ಹೊಲಿದಳು, ಯಾರಿಗೂ ತಲೆ ಬಾಗಿಸಲಿಲ್ಲ.

ಇದನ್ನೆಲ್ಲ ಹೇಳಲು ಬಾಯಿ ತೆರೆದೆನೋ ಇಲ್ಲವೋ, ಪಕ್ಕದಲ್ಲಿ ಕೂತಿದ್ದ ಬಾಳವ್ವ ಚಿಗವ್ವ, ಅವ್ವನ ತಂಗಿ, ನನ್ನ ತೊಡೆ ಚಿವುಟಿದಳು. "ಸತ್ತಾಕಿ ಹೆಸರ ಕೆಡಸಬ್ಯಾಡ. ಚಲೋದ ಹೇಳು. ಅಕಿ ಬಂದು ಕೇಳೂದೈತಿ" ಎಂದು ಕಿವಿಯಲ್ಲಿ ಉಸುರಿದಳು. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುವುದು. ತಮ್ಮ ಸತ್ತವರು ಬಂದು ನೋಡುತ್ತಾರಲ್ಲ, ಅವರಿಗೆ ಬೇಜಾರಾಗಬಾರದು ಎಂದು.

"ನಿಮ್ಮ ತಾಯಿಗೆ ಸಿಟ್ಟು ಬರ್ತಿತ್ತಾ?" ಎಂದು ಮಧುಕೇಶ್ವರ ಕೇಳಿದ.

"ಇಲ್ರೀ. ಭಾಳ ಶಾಂತ ಸ್ವಭಾವ."

"ಗಿರಾಕಿಗಳ ಜೊತೆ?"

"ಕೈ ಮುಗದ ಮಾತಾಡ್ತಿದ್ಲು."

"ರೇಷನ್ ಅಂಗಡಿ ಪರಪ್ಪ ಆ ಮಧ್ಯಾಹ್ನ ಗಿರಣಿಗೆ ಯಾಕೆ ಬಂದ? ಅದು ಕೋರ್ಟಿನಲ್ಲೂ ಬಗೆಹರಿದಿಲ್ಲ."

"ಗೊತ್ತಿಲ್ರೀ" ಎಂದೆ. ಗೊತ್ತಿತ್ತು. ಊರಿನಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಅವ್ವನನ್ನು ಕೊಂದ ಪರಪ್ಪನಿಗೆ ಜನ್ಮಠೇಪೆ ಶಿಕ್ಷೆಯಾದ ಮೇಲೆ ಆ ಮಾತನ್ನು ಯಾರೂ ಕೇಳಿರಲಿಲ್ಲ, ನಾನೂ ಬಾಯಿ ಬಿಟ್ಟಿರಲಿಲ್ಲ. ಆ ಮನುಷ್ಯ ನಾನು ಹೇಳಿದ್ದನ್ನೆಲ್ಲ ನಂಬಿ ಬರೆದುಕೊಂಡ, ಹೋಗುವಾಗ ನನಗೆ ಕೈ ಮುಗಿದ.

ಶುಕ್ರವಾರ ಹನ್ನೆರಡಕ್ಕೇ ಟಾಕೀಸಿನ ಮುಂದೆ ಜಾತ್ರೆ ನೆರೆದಿತ್ತು. ಅವ್ವನ ಗಿರಾಕಿಗಳು, ಅವ್ವನಿಂದ ಬೈಸಿಕೊಂಡವರು, ಬೈಸಿಕೊಂಡವರ ಮಕ್ಕಳು. ನಾನು ಹೊಸ ಇಳಕಲ್ ಸೀರೆ ಉಟ್ಟು ಮೂರು ಸಲ ನೆರಿಗೆ ಬಿಚ್ಚಿ ಮೂರು ಸಲ ಕಟ್ಟಿದ್ದೆ. ಮೇಲೆ ಮಷಿನ್ ಖೋಲಿಯ ಕಿಂಡಿಯಿಂದ ಆಪರೇಟರ್ ದಾವಲಸಾಬ ಇಣುಕಿ, "ಹೆದರಬ್ಯಾಡವಾ ತಂಗಿ, ರೀಲು ಸಾವಕಾಶ ಬಿಡ್ತೀನಿ. ನಿಮ್ಮವ್ವ ಎರಡ ಮಿನಿಟ ಹೆಚ್ಚಿಗಿ ಕುಂದ್ರಲಿ" ಅಂದ. ಬಾಳವ್ವ ಚಿಗವ್ವ ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದಳು. "ಒಂದ ತಾಸಿನ ಮ್ಯಾಲೆ ಮೂರ ಮಿನಿಟ ಕುಂತಳಂದ್ರ ಪೈಲ್ವಾನನ್ನ ಹಿಂದ ಹಾಕ್ತಾಳ" ಎಂದು ಅವಳ ಲೆಕ್ಕ. ನನ್ನದು ಬೇರೆ. ಎರಡೂವರೆ ತಾಸಿನ ಸಿನಿಮಾ, ಎರಡೂವರೆ ತಾಸೂ ನನಗೆ ಅವ್ವ ಬೇಕು. ಇದೊಂದು ಸಲ ಬಿಟ್ಟರೆ ಇನ್ನು ಅವಳ ಮುಖ ಕಾಣುವುದು ಕನಸಿನಲ್ಲೇ.

ದೀಪ ಆರಿತು. ಎಲ್ಲರೂ ಬಲಬಾಗಿಲು ನೋಡಿದೆವು. ಪರದೆ ಸರಿಯಿತು, ಮೊದಲು ಬಿಸಿ ಹಿಟ್ಟಿನ ವಾಸನೆ ಬಂತು, ಆಮೇಲೆ ಅವಳು ಬಂದಳು. ತಲೆಗೆ ಬಿಗಿದ ಚೌಕಳಿ ವಸ್ತ್ರ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹುಬ್ಬಿನ ತುಂಬ ಬಿಳಿ ಹಿಟ್ಟು. ಕುರ್ಚಿಯನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ, ಗಟ್ಟಿಯಿದೆ ಎಂದು ಖಾತ್ರಿ ಮಾಡಿಕೊಂಡು, ಒಂದು ಕಾಲು ಮೇಲೆ ಮಡಚಿ ಕೂತಳು. ದಾರಿಯ ಈಚೆಯ ಕುರ್ಚಿಯಲ್ಲಿ ನಾನಿದ್ದೆ. ನಮ್ಮ ನಡುವೆ ಎರಡು ಮೊಳ ಜಾಗ. ಕಣ್ಣಲ್ಲಿ ನೀರು ಬಂದರೆ ಅವಳು ಮಸುಕಾಗುತ್ತಾಳೆಂದು ರೆಪ್ಪೆ ಬಡಿಯದೆ ಅಳು ನುಂಗಿದೆ.

ಪರದೆಯ ಮೇಲೆ "ಹಿಟ್ಟಿನ ದೇವತೆ" ಎಂದು ಹೆಸರು ಬಂತು. ನಮ್ಮದೇ ಗಿರಣಿ ಕಂಡಿತು, ನಮ್ಮದೇ ಕಲ್ಲು, ನಮ್ಮದೇ ಬೆಲ್ಟು. ಅವ್ವ ಮುಂದೆ ಬಾಗಿ ನೋಡಿದಳು. ನನ್ನ ಜೀವ ಹೂವಾಯಿತು. ಅಷ್ಟರಲ್ಲಿ ನಾಯಕಿ ಬಂದಳು. ಬಳ್ಳಿಯಂಥ ಹೆಣ್ಣು, ಹಾಲಿನಂಥ ಸೀರೆ, ಮೈಮೇಲೆ ಒಂದು ಚಿಟಿಕೆ ಹಿಟ್ಟಿಲ್ಲ. ಗಿರಣಿಯ ಕಲ್ಲಿಗೆ ಊದುಬತ್ತಿ ಬೆಳಗಿ ಹಾಡು ಹೇಳಿದಳು. ಅವ್ವ ಇವಳ್ಯಾರು ಎನ್ನುವ ಹಾಗೆ ಕುತ್ತಿಗೆ ಓರೆ ಮಾಡಿದಳು. ಹಾಡು ಮುಗಿಯುವ ಹೊತ್ತಿಗೆ ಬೆನ್ನು ತುರಿಸಿಕೊಂಡಳು. ಅರ್ಧ ತಾಸಿಗೆ ಆಕಳಿಸಿದಳು. ಮಡಚಿದ ಕಾಲು ಕೆಳಗಿಟ್ಟಳು. ಆ ಕಾಲು ಕೆಳಗೆ ಬಂದದ್ದು ನೋಡಿ ನಾನು ಕುರ್ಚಿಯ ತುದಿಗೆ ಸರಿದೆ.

ಪರದೆಯ ಮೇಲೆ ಒಬ್ಬ ಗಿರಾಕಿ ನಾಯಕಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಅವಳು ಕೈ ಮುಗಿದು, ಕಣ್ಣೀರು ತುಂಬಿಕೊಂಡು, "ತಪ್ಪು ನನ್ನದೇ ಅಣ್ಣಾ, ಹೊಟ್ಟೆಗೆ ಹಾಕಿಕೊಳ್ಳಿ" ಅಂದಳು. ಅವ್ವ ಎದ್ದಳು. ಯಾವ ಸಿಟ್ಟೂ ಇಲ್ಲ ಅವಳ ಮುಖದಲ್ಲಿ. ತಪ್ಪಿ ಯಾರದೋ ಮನೆಗೆ ಹೊಕ್ಕವರು ಸುಮ್ಮನೆ ತಿರುಗಿ ಹೋಗುವ ಹಾಗೆ ಬಾಗಿಲಿನ ಕಡೆ ಹೊರಟಳು.

ಆಗ ನನಗೆ ತಿಳಿಯಿತು. ಕೊಲೆಯ ದೃಶ್ಯ ಇನ್ನೂ ಎಷ್ಟೋ ದೂರವಿತ್ತು! ರಾಚಯ್ಯ ಹೋದದ್ದು, ಮಾಬುಬಿ ಹೋದದ್ದು ಕೊಲೆಗೆ ಹೆದರಿ ಅಲ್ಲ. ತಮ್ಮ ಕಥೆಯನ್ನು ನೋಡಲು ಬಂದರೆ ಅಲ್ಲಿ ಅವರೇ ಇರಲಿಲ್ಲ. ನಾವೇ ತೊಳೆದು ಬಳಿದು ಅವರನ್ನು ಇಲ್ಲದ ಹಾಗೆ ಮಾಡಿದ್ದೆವು.

"ಅವ್ವಾ, ನಿಂದ್ರು!" ಎಂದೆ. ಟಾಕೀಸಿಗೆ ಟಾಕೀಸೇ ಬೆಚ್ಚಿತು. ಸತ್ತವರನ್ನು ಮಾತಾಡಿಸುವ ರೂಢಿ ನಮ್ಮಲ್ಲಿಲ್ಲ. "ಅಕಿ ನೀ ಅಲ್ಲ! ನಾ ಸುಳ್ಳ ಹೇಳೀನಿ! ದಾವಲ ಕಾಕಾ, ದನಿ ಬಂದ್ ಮಾಡ್ರಿ!"

"ಏನ್ ಮೇಡಂ ಇದು!" ಎಂದು ಮಧುಕೇಶ್ವರ ಮೊದಲ ಸಾಲಿನಿಂದ ಎದ್ದ. ಮೇಲಿನಿಂದ ದಾವಲಸಾಬ ಹಿಂದೆ ಮುಂದೆ ನೋಡದೆ ದನಿ ಬಂದ್ ಮಾಡಿದ. ಗಿರಾಕಿ ಪರದೆಯ ಮೇಲೆ ಮೂಕನಾಗಿ ಬಾಯಿ ಆಡಿಸತೊಡಗಿದ, ನಾಯಕಿ ಮೂಕಳಾಗಿ ಅಳುತ್ತಿದ್ದಳು. ನಾನು ಪರದೆಯ ಪಕ್ಕಕ್ಕೆ ಓಡಿ, ಆ ಕೈ ಮುಗಿದ ಹೆಂಗಸಿನ ಬಾಯಿಗೆ ನನ್ನ ಅವ್ವನ ಮಾತು ಕೊಟ್ಟೆ.

"ಏ ಭಾಡ್ಯಾ! ನುಚ್ಚೂ ಬೇಕಂತಿ, ಹಿಟ್ಟೂ ಬೇಕಂತಿ, ಒಂದ ಬೀಸಿಗಿ ಎರಡೂ ಹೆಂಗ ಬೀಳ್ತಾವೋ? ನಿನ್ನ ಹೇಂತಿ ಕಲ್ಲ ತುಂಬಿದ ಜ್ವಾಳ ಕಳಿಸ್ಯಾಳ, ನನ್ನ ಗಿರಣಿ ಹಲ್ಲ ಮುರದಾವ. ನಡಿ, ಮನಿಗಿ ಹೋಗಿ ಆರಿಸ್ಕೊಂಡ ಬಾ, ಮೂಳಾ!"

ಹಿಂದಿನಿಂದ ಯಾರೋ, "ಹೌದ ಹೌದು, ಹಿಂಗ ಅಂದಿದ್ಲು ನಮ್ಮಪ್ಪಗ!" ಎಂದು ಕೂಗಿದರು. ಟಾಕೀಸು ಬಿದ್ದು ಬಿದ್ದು ನಕ್ಕಿತು. ಬಾಗಿಲಿನ ಪರದೆ ಹಿಡಿದಿದ್ದ ಅವ್ವನ ಕೈ ಅಲ್ಲೇ ನಿಂತಿತು. ತಿರುಗಿದಳು. ನನ್ನನ್ನಲ್ಲ, ಸಿನಿಮಾದ ಪರದೆಯನ್ನು ನೋಡಿದಳು. ಬಂದು ಕೂತಳು. ಕಾಲು ಮೇಲೆ ಮಡಚಿದಳು!

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ. ನನಗೆ ದೆವ್ವ ಹಿಡಿದಂತಾಗಿತ್ತು. ಪರದೆಯ ಮೇಲೆ ಅವರು ತುಳಸಿ ಕಟ್ಟೆ ಸುತ್ತಿದರೆ ನಾನು ಚೌಕಾಬಾರದ ಮೋಸ ಹೇಳಿದೆ. ಅಲ್ಲಿ ಅವರು ನೀತಿ ಬೋಧಿಸಿದರೆ ಇಲ್ಲಿ ನಾನು ಅವ್ವನ ಬೈಗುಳದ ಭಂಡಾರ ಬಿಚ್ಚಿದೆ. ನನ್ನನ್ನು ನೋಡಲು ವರ ಬಂದಾಗ ಸಿನಿಮಾದ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಹೇಳಿದೆ: "ಅವ್ವ ಏನ ಮಾಡಿದ್ಲು ಗೊತ್ತೈತೇನ್ರೀ? ಜ್ವಾಳದ ಚೀಲ ತೋರಿಸಿ, ಏ ಹುಡುಗಾ, ಇದನ್ನ ಎತ್ತು ನೋಡೂಣು, ಅಂದ್ಲು. ಅಂವ ಎತ್ತಲಿಲ್ಲ. ಚಾ ಕುಡೀಲಾರದ ಎದ್ದ ಹ್ವಾದ." ಬಾಳವ್ವ ಚಿಗವ್ವನೇ ಎದ್ದು ನಿಂತು, "ಹೊಟ್ಟಿ ಹುಣ್ಣಾಗೂವಂಗ ನಕ್ಕಿದ್ದೆ ನಾನು ಅವತ್ತ!" ಎಂದು ಸಾಕ್ಷಿ ಹೇಳಿದಳು. ಮಧುಕೇಶ್ವರ ತಲೆಯ ಮೇಲೆ ಕೈ ಹೊತ್ತು ಕೂತಿದ್ದವನು ನೋಟುಬುಕ್ಕು ತೆಗೆದಿದ್ದ. "ಇದನ್ನೆಲ್ಲ ಆವತ್ತೇ ಯಾಕ್ರೀ ಹೇಳಲಿಲ್ಲ?" ಎಂದು ಗೋಗರೆಯುತ್ತಲೇ ಬರೆಯುತ್ತಿದ್ದ. ಒಂದು ತಾಸು ಮೂರು ನಿಮಿಷ ಆಯಿತು. ಒಂದೂವರೆ ತಾಸಾಯಿತು. ಇಂಟರ್ವಲ್ಲಿನ ದೀಪ ಹಾಕಲು ದಾವಲಸಾಬ ಮರೆತ, ಕೇಳಿದವರೂ ಇಲ್ಲ. ನಾಲ್ಕನೇ ಸಾಲಿನಲ್ಲಿ ಅವ್ವ ತೊಡೆ ತಟ್ಟಿಕೊಂಡು ದನಿಯಿಲ್ಲದೆ ನಗುತ್ತಿದ್ದಳು.

ಸಂತೆಯ ದೃಶ್ಯ ಬಂತು. ಬಡವರ ರೇಷನ್ ಗೋಧಿಯನ್ನು ಪರಪ್ಪ ಗುಟ್ಟಾಗಿ ಬೀಸಿಸಿಕೊಂಡು ಮಾರುತ್ತಿದ್ದ. ಸಿನಿಮಾದಲ್ಲಿ ನಾಯಕಿ ಅವನನ್ನು ಮರೆಗೆ ಕರೆದು ಬುದ್ಧಿ ಹೇಳಿದಳು. "ಸುಳ್ಳ!" ಎಂದು ಈಗ ಜನವೇ ಕೂಗಿದರು. ಅವ್ವ ಮಂಗಳವಾರದ ಸಂತೆಯ ನಡುಮಧ್ಯೆ ಆ ಗೋಧಿಯನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದು, ಪರಪ್ಪನ ಹೆಸರು ಹಿಡಿದು ಕೂಗಿದ್ದನ್ನು ಕೇಳದವರು ಯಾರಿದ್ದರು? ಎಲ್ಲರೂ ಒಟ್ಟಿಗೆ ಅವ್ವನ ಮಾತು ಹೇಳಿದರು, ನಾನು ಬರೀ ಕೈ ಬೀಸಿದೆ.

ಆಮೇಲೆ ಆ ಮಧ್ಯಾಹ್ನ ಬಂತು. ಪರದೆಯ ಮೇಲೆ ಪರಪ್ಪ ಗಿರಣಿಯ ಹಿತ್ತಲ ಗೋಡೆ ಹತ್ತುತ್ತಿದ್ದ. ಜನ ಕಾಯುತ್ತಿದ್ದರು. ಅವ್ವ ಕಾಯುತ್ತಿದ್ದಳು. ಇಲ್ಲೊಂದು ಸುಳ್ಳು ಬಿಟ್ಟುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದು ಮನಸ್ಸು ಹೇಳಿತು. ಒಬ್ಬಳಿಗೆ ಗೊತ್ತಾಗುತ್ತದೆ, ಅವಳು ಎದ್ದು ಹೋಗುತ್ತಾಳೆ.

"ಅಂವ ಗ್ವಾಡಿ ಹತ್ತಿ ಬರಲಿಲ್ಲ" ಎಂದೆ. "ಮುಂದಿನ ಬಾಗಲಿಂದ ಬಂದ. ಅವ್ವ ತಾನ ಕರದಿದ್ಲು. ಅವತ್ತ ಮುಂಜಾನೆ ನಾ ಅಕಿ ಕೂಡ ಜಗಳಾ ತಗದಿದ್ದೆ. ನಿನ್ನ ಬಾಯಿ ಸಲುವಾಗಿ ನನಗ ಲಗ್ನ ಆಗವಲ್ದು, ಊರಾಗ ತಲಿ ಎತ್ತಿ ತಿರಗಾಕ ಬರವಲ್ದು, ಅಂವನ್ನ ಕರಸು, ತಪ್ಪಾತು ಅನ್ನು, ಅಂದಿದ್ದೆ. ಅಕಿ ಯಾರಿಗೂ ತಪ್ಪಾತು ಅಂದಾಕಿ ಅಲ್ಲ. ನನ್ನ ಸಲುವಾಗಿ..." ಅಷ್ಟಕ್ಕೆ ನನ್ನ ದನಿ ಕುಗ್ಗಿ ಕುಗ್ಗಿ ನನಗೇ ಕೇಳದಂತಾಯಿತು. ಪರದೆಯ ಮೇಲೆ ಪರಪ್ಪ ಗಿರಣಿಯ ಕಬ್ಬಿಣದ ಹ್ಯಾಂಡಲ್ ಕೈಗೆತ್ತಿಕೊಂಡಿದ್ದ.

ಅವ್ವ ಪರದೆಯಿಂದ ಮುಖ ತಿರುಗಿಸಿ ನನ್ನ ಕಡೆ ನೋಡಿದಳು. ಬಂದಾಗಿನಿಂದ ಅದೇ ಮೊದಲು. ಅವಳ ತುಟಿ ಅಲುಗಿತು. ದನಿಯಿಲ್ಲ. ಆದರೆ ಕಲ್ಲಿನ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ ತುಟಿ ಕಂಡರೆ ಸಾಕು, ಮಾತು ತಿಳಿಯುತ್ತದೆ.

"ಒದರಿ ಹೇಳ" ಅಂದಳು. "ಕೇಳಸವಲ್ದು."

ನಾನು ಒದರಿದೆ. ಹುಟ್ಟಿದಾಗಿನಿಂದ ಅವಳ ಗಂಟಲಿಗೆ ನಾಚಿಕೊಂಡು ಮೆತ್ತಗೆ ಮಾತಾಡಿದವಳು, ಟಾಕೀಸಿನ ತಗಡು ಅದುರುವ ಹಾಗೆ ಒದರಿದೆ. "ನಾನ ಅಂವನ್ನ ಕರಸು ಅಂದಾಕಿ, ಅವ್ವಾ! ನನ್ನ ಸಲುವಾಗಿ ನೀ ಸತ್ತಿ!"

ಅವ್ವ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ, ನೊಣ ಓಡಿಸುವ ಹಾಗೆ ಕೈ ಬೀಸಿದಳು. ಗಿರಣಿಗೆ ಬಂದು ಇಲ್ಲದ ತಕರಾರು ತೆಗೆದವರಿಗೆ, ಸಾಕ ಸಾಕು, ನಡಿ ಅತ್ಲಾಗ, ಎಂದು ಬೀಸುತ್ತಿದ್ದ ಕೈ ಅದು. ಬೀಸಿದವಳೇ ಗದ್ದ ಎತ್ತಿ ಪರದೆ ತೋರಿಸಿದಳು. ಮುಂದಿನದು ಹೇಳು ಎಂದು.

ಮೂರು ವರ್ಷದ ಭಾರ ನನ್ನ ಮೈಯಿಂದ ಇಳಿದು ಎತ್ತ ಹೋಯಿತೋ ತಿಳಿಯಲಿಲ್ಲ. ಸಿನಿಮಾದ ತಾಯಿ ಕೈ ಮುಗಿದು ಸಾಯುತ್ತಿದ್ದಳು. ನಾನು ಅಳುತ್ತ, ನಗುತ್ತ, ಒದರುತ್ತ ಹೇಳಿದೆ: "ಕೈ ಮುಗೀಲಿಲ್ಲ ನನ್ನವ್ವ! ಪರಪ್ಪನ ಮುಂದಿನ ಮೂರು ಹಲ್ಲು ಉದುರಿಸಿ ಸತ್ತಾಳ! ಕೋರ್ಟಿನ ಕಾಗದದಾಗ ಬರದೈತಿ, ಬೇಕಂದ್ರ ಓದ್ರಿ!" ಸೀಟಿ ಹೊಡೆದರು, ಚುರುಮುರಿ ತೂರಿದರು, ಫೌಜದಾರರ ಹೆಂಡತಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಅವ್ವ ತನ್ನ ಕೊಲೆಯನ್ನು ಕಣ್ಣು ಕೀಳದೆ ಪೂರಾ ನೋಡಿದಳು.

ರೀಲು ಮುಗಿಯಿತು. ಪರದೆ ಬೆಳ್ಳಗಾಯಿತು. ಸತ್ತವರು ಕೊನೆಯವರೆಗೆ ಕೂತರೆ ಮುಂದೇನು ಮಾಡಬೇಕೆಂದು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. "ತಂಗಿ, ಇನ್ನ ರೀಲಿಲ್ಲ! ಏನ ಮಾಡ್ಲಿ?" ಎಂದು ಮೇಲಿನಿಂದ ದಾವಲಸಾಬ ಗಾಬರಿಯಲ್ಲಿ ಕೇಳಿದ. "ಬೆಳಕ ಹಂಗ ಇರಲಿ, ಕಾಕಾ" ಎಂದೆ. ಜನ ಒಬ್ಬರೂ ಏಳಲಿಲ್ಲ. ಆ ಬಿಳಿಯ ಬೆಳಕಿನಲ್ಲಿ ಅವ್ವ ಇನ್ನೊಂದು ಕಾಲನ್ನೂ ಮೇಲೆ ಮಡಚಿ, ಸೆರಗು ಸರಿ ಮಾಡಿಕೊಂಡು, ನನ್ನ ಕಡೆ ನೋಡುತ್ತ ಕೂತಳು.

ನಾನು ಉಸಿರು ಎಳೆದುಕೊಂಡೆ. "ಕೇಳ, ಅವ್ವಾ" ಎಂದು ಒದರಿದೆ. "ನೀ ಹ್ವಾದ ಹನ್ನೆರಡನೇ ದಿನಕ್ಕ ಗಿರಣಿ ಬಾಗಲಾ ನಾನ ತಗದೆ. ಬೆಲ್ಟ್ ಹೊಲಿಯಾಕ ನನಗ ಬರತಿರಲಿಲ್ಲ..."